‘ಪ್ರಾಮಿಸಿಂಗ್’ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ: ಒಂದು ಸಮಗ್ರ ಮಾರ್ಗದರ್ಶಿ

ಇಂಗ್ಲಿಷಿನಲ್ಲಿ ಹೊಗಳುವ ಪದಗಳಿಗೆ ಬರವಿಲ್ಲ. ಅವುಗಳ ನಡುವೆ ‘ಪ್ರಾಮಿಸಿಂಗ್’ ಸ್ವಲ್ಪ ಬೇರೆ ಜಾತಿಯದು. ಹೊಗಳುತ್ತದೆ, ಆದರೆ ಪೂರ್ತಿ ಹೊಗಳುವುದಿಲ್ಲ. “ಇಲ್ಲಿವರೆಗೆ ಕಂಡದ್ದು ಚೆನ್ನಾಗಿದೆ, ಮುಂದೆಯೂ ಚೆನ್ನಾಗಿ ಆಗುವ ಲಕ್ಷಣ ಇದೆ, ಆದರೆ ಇನ್ನೂ ಆಗಿಲ್ಲ.” ಇಷ್ಟನ್ನೂ ಆ ಒಂದು ಪದ ಹೇಳಿಬಿಡುತ್ತದೆ. ಕೊನೆಯ ತುಂಡನ್ನು, ಅಂದರೆ ‘ಇನ್ನೂ ಆಗಿಲ್ಲ’ ಅನ್ನುವುದನ್ನು ನಾವು ಮರೆಯುತ್ತೇವೆ. ಶಿಫಾರಸು ಪತ್ರದಲ್ಲಾಗಲಿ, ಪತ್ರಿಕೆಯ ತಲೆಬರಹದಲ್ಲಾಗಲಿ, ಈ ಪದ ಎಡವುವುದು ಹೆಚ್ಚಾಗಿ ಅಲ್ಲೇ.

ಹಂತ 1: ಮಾತು ಕೊಟ್ಟವರು ಯಾರು?

‘ಪ್ರಾಮಿಸ್’ ಅಂದರೆ ಮಾತು ಕೊಡುವುದು ಅಂತ ಶಾಲೆಯಲ್ಲೇ ಕಲಿತಿರುತ್ತೇವೆ. ಹಾಗಾದರೆ ‘ಪ್ರಾಮಿಸಿಂಗ್ ಪ್ಲೇಯರ್’ ಅಂದರೆ ಮಾತು ಕೊಡುತ್ತಿರುವ ಆಟಗಾರನಾ? ಅಲ್ಲ. ಅವನು ಯಾರಿಗೂ ಏನೂ ಹೇಳಿಲ್ಲ. ಅವನ ಆಟ ನೋಡಿದವರಿಗೆ ‘ಇವನು ಮುಂದೆ ಬರ್ತಾನೆ’ ಅನ್ನಿಸಿದೆ, ಅಷ್ಟೇ.

ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ನಮ್ಮ ‘ಭರವಸೆ’ಗೂ ಇದೇ ಎರಡು ಮುಖ ಇದೆ. “ಸಚಿವರು ರಸ್ತೆ ಮಾಡಿಸುವ ಭರವಸೆ ಕೊಟ್ಟರು” ಅಂದಾಗ ಅದು ಬಾಯಲ್ಲಿ ಆಡಿದ ಮಾತು. “ಹುಡುಗಿ ಮೊದಲ ಕಛೇರಿಯಲ್ಲೇ ಭರವಸೆ ಮೂಡಿಸಿದಳು” ಅಂದಾಗ ಯಾರೂ ಏನೂ ಆಡಿಲ್ಲ, ಹಾಡು ಕೇಳಿದವರ ಮನಸ್ಸಿನಲ್ಲಿ ಮೂಡಿದ್ದು. ಒಂದು ಕೊಡುವ ಭರವಸೆ, ಇನ್ನೊಂದು ಮೂಡುವ ಭರವಸೆ. ವಿಶೇಷಣವಾದ ‘ಪ್ರಾಮಿಸಿಂಗ್’ ಯಾವಾಗಲೂ ಎರಡನೆಯದು. ‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಅನ್ನುತ್ತೇವಲ್ಲ, ಆ ಮೊಳಕೆ ನೋಡಿದವರು ಆಡುವ ಪದ ಇದು.

ಮೂಲ ಬೇಕೆನ್ನುವವರಿಗೆ: ಇದು ಲ್ಯಾಟಿನ್‌ನಿಂದ ಬಂದದ್ದು. ‘ಪ್ರೊ’ ಅಂದರೆ ಮುಂದಕ್ಕೆ, ‘ಮಿತ್ತೆರೆ’ ಅಂದರೆ ಕಳಿಸು. ಮಿಷನ್, ಮಿಸೈಲ್, ಪರ್ಮಿಟ್ ಎಲ್ಲವೂ ಇದರ ದಾಯಾದಿಗಳು.

ಉಚ್ಚಾರಣೆಯನ್ನೂ ಇಲ್ಲೇ ಮುಗಿಸಿಬಿಡೋಣ. ಒತ್ತು ಮೊದಲ ಅಕ್ಷರಕ್ಕೆ. ನಡುವಿನದು ‘ಸ’, ‘ಝ’ ಅಲ್ಲ. ‘ಕಾಂಪ್ರಮೈಸ್’ ಬಾಯಿಗೆ ಅಂಟಿಕೊಂಡಿರುವುದರಿಂದ ಕೆಲವರು ‘ಪ್ರೊಮೈಸಿಂಗ್’ ಅನ್ನುತ್ತಾರೆ, ಅದು ಬೇಡ. ಬರೆಯುವಾಗ ‘ಪ್ರಾಮಿಸ್’ ಕೊನೆಯ ‘ಇ’ ಅಕ್ಷರ ಬಿಟ್ಟು ‘ಐಎನ್‌ಜಿ’ ಸೇರಿಸಬೇಕು. ‘ಎಸ್’ ಒಂದೇ.

ಹಂತ 2: ಎರಡು ಪ್ರಶ್ನೆ ಕೇಳಿಕೊಳ್ಳಿ

ಈ ಪದ ಬಳಸುವ ಮೊದಲು ಎರಡೇ ಪ್ರಶ್ನೆ ಸಾಕು. ಕಣ್ಣಿಗೆ ಕಾಣುವ ಒಳ್ಳೆಯ ಸೂಚನೆ ಏನಾದರೂ ಸಿಕ್ಕಿದೆಯಾ? ಕೊನೆಯ ಫಲ ಇನ್ನೂ ಬಾಕಿ ಇದೆಯಾ? ಎರಡಕ್ಕೂ ‘ಹೌದು’ ಅಂತ ಉತ್ತರ ಬಂದರೆ ಧೈರ್ಯವಾಗಿ ಬಳಸಿ.

ನಮ್ಮವರದೇ ಉದಾಹರಣೆ ನೋಡಿ. 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ರಾಹುಲ್ ದ್ರಾವಿಡ್ ಮೊದಲ ಟೆಸ್ಟ್ ಆಡಿದರು. ಏಳನೇ ಕ್ರಮಾಂಕದಲ್ಲಿ ಬಂದು 95 ರನ್ ಹೊಡೆದರು, ಶತಕ ಐದು ರನ್‌ಗೆ ತಪ್ಪಿತು. ಆವತ್ತು ‘ಎ ಪ್ರಾಮಿಸಿಂಗ್ ಡೆಬ್ಯು’ ಅಂತ ಬರೆದಿದ್ದರೆ ಪದ ಸರಿಯಾಗಿ ಹೊಂದುತ್ತಿತ್ತು. ಸೂಚನೆ ಇತ್ತು, ಫಲ ಬಾಕಿ ಇತ್ತು. ಅದೇ ಮನುಷ್ಯ 2012ರಲ್ಲಿ 13,288 ಟೆಸ್ಟ್ ರನ್, 36 ಶತಕ ಇಟ್ಟುಕೊಂಡು ನಿವೃತ್ತಿ ಹೇಳಿದರು. ಆಗ ‘ಪ್ರಾಮಿಸಿಂಗ್ ಬ್ಯಾಟ್ಸ್‌ಮನ್’ ಅಂದರೆ ನಗೆಪಾಟಲು. ಎರಡನೇ ಪ್ರಶ್ನೆಗೆ ಉತ್ತರ ‘ಇಲ್ಲ’ ಆಗಿಬಿಟ್ಟಿದೆ, ಫಲ ಬಂದಾಗಿದೆ.

ಮೊದಲ ಪ್ರಶ್ನೆಯಲ್ಲಿ ಸೋಲುವುದೂ ಉಂಟು. ಇನ್ನೂ ಒಂದು ಪಂದ್ಯವನ್ನೂ ಆಡದ, ಯಾರೂ ನೋಡದ ಹುಡುಗನನ್ನು ‘ಪ್ರಾಮಿಸಿಂಗ್’ ಅಂದರೆ ಅದು ಸುಮ್ನೆ ಹಾರೈಕೆ. ಏನೋ ಒಂದು ಕಂಡಿರಬೇಕು.

ಕರುಣ್ ನಾಯರ್ ವಿಷಯ ಸ್ವಲ್ಪ ತಮಾಷೆಯಾಗಿದೆ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಅದು ಅವರ ಮೂರನೇ ಟೆಸ್ಟ್. ತ್ರಿಶತಕಕ್ಕೆ ‘ಪ್ರಾಮಿಸಿಂಗ್ ಇನ್ನಿಂಗ್ಸ್’ ಅಂದರೆ ಕಡಿಮೆಯಾಯಿತು; ಇನ್ನಿಂಗ್ಸ್ ಪೂರ್ತಿ ಫಲ ಕೊಟ್ಟಾಗಿದೆ. ಆದರೆ ಅವರ ಟೆಸ್ಟ್ ಬದುಕಿಗೆ ‘ಎ ಪ್ರಾಮಿಸಿಂಗ್ ಸ್ಟಾರ್ಟ್’ ಅನ್ನಬಹುದು. 2017ರಲ್ಲಿ ತಂಡದಿಂದ ಹೊರಬಿದ್ದವರು ಮತ್ತೆ ಟೆಸ್ಟ್ ಆಡಿದ್ದು 2025ರಲ್ಲಿ. ಇಂಥ ಕಡೆ ಇಂಗ್ಲಿಷಿನವರು ‘ಆಫ್ಟರ್ ಎ ಪ್ರಾಮಿಸಿಂಗ್ ಸ್ಟಾರ್ಟ್’ ಅಂತ ವಾಕ್ಯ ಶುರು ಮಾಡುತ್ತಾರೆ. ಆ ಮೂರ್ನಾಲ್ಕು ಪದ ಕಂಡರೆ ಮುಂದೆ ‘ಆದರೆ’ ಬರುತ್ತದೆ ಅಂತ ಊಹಿಸಿಬಿಡಿ.

ಹಂತ 3: ವಾಕ್ಯದಲ್ಲಿ ಕೂರಿಸುವುದು

ಎರಡು ಜಾಗ. ನಾಮಪದಕ್ಕೆ ಮೊದಲು: ‘ಎ ಪ್ರಾಮಿಸಿಂಗ್ ಸಿಂಗರ್’. ಇಲ್ಲವೇ ಈಸ್, ಲುಕ್ಸ್, ಸೌಂಡ್ಸ್, ಸೀಮ್ಸ್ ಇವುಗಳಾದ ಮೇಲೆ: ‘ದಟ್ ಸೌಂಡ್ಸ್ ಪ್ರಾಮಿಸಿಂಗ್’. ಆಫೀಸಿನ ಮಾತುಕತೆಯಲ್ಲಿ ಈ ಕೊನೆಯದು ಬಹಳ ಕೆಲಸಕ್ಕೆ ಬರುತ್ತದೆ. ಯಾರೋ ಒಂದು ಐಡಿಯಾ ಹೇಳಿದರು. ನಿಮಗೆ ಇಷ್ಟವಾಯಿತು, ಆದರೆ ಒಪ್ಪಿಗೆ ಕೊಡುವಷ್ಟು ಧೈರ್ಯವಿಲ್ಲ. ‘ಸೌಂಡ್ಸ್ ಪ್ರಾಮಿಸಿಂಗ್’ ಅಂದರೆ “ಕೇಳೋಕೆ ಚೆನ್ನಾಗಿದೆ, ನೋಡೋಣ” ಅಂದ ಹಾಗೆ. ಒಪ್ಪಿದಂತೆಯೂ ಅಲ್ಲ, ತಳ್ಳಿಹಾಕಿದಂತೆಯೂ ಅಲ್ಲ.

ಹೋಲಿಸುವಾಗ ‘ಮೋರ್ ಪ್ರಾಮಿಸಿಂಗ್’, ‘ಮೋಸ್ಟ್ ಪ್ರಾಮಿಸಿಂಗ್’. ಕ್ರಿಯಾವಿಶೇಷಣ ಬೇಕಾದರೆ ‘ಪ್ರಾಮಿಸಿಂಗ್ಲಿ’: ‘ದ ಸೀಸನ್ ಬಿಗ್ಯಾನ್ ಪ್ರಾಮಿಸಿಂಗ್ಲಿ’. ನಾಮಪದ ರೂಪದಲ್ಲಿ ‘ಶಿ ಶೋಸ್ ಪ್ರಾಮಿಸ್’. ಇಲ್ಲಿ ‘ಎ’ ಇಲ್ಲ, ಬಹುವಚನವೂ ಇಲ್ಲ. ‘ಶೋಸ್ ಎ ಪ್ರಾಮಿಸ್’ ಅಂದರೆ ತಪ್ಪು.

ಹಂತ 4: ವಿಶೇಷಣವೋ, ಕ್ರಿಯಾಪದವೋ

ಇಲ್ಲಿ ಸ್ವಲ್ಪ ನಿಲ್ಲಬೇಕು. ಪರೀಕ್ಷೆಗೆ ಓದುವವರು ಮಾತ್ರವಲ್ಲ, ಹಣ ಹೂಡುವವರೂ ಇದನ್ನು ತಿಳಿದಿರಬೇಕು.

‘ಹಿ ಈಸ್ ಪ್ರಾಮಿಸಿಂಗ್’ ಅಂದರೆ ಅವನಲ್ಲಿ ಸರಕಿದೆ. ‘ಹಿ ಈಸ್ ಪ್ರಾಮಿಸಿಂಗ್ ಟು ಕಮ್’ ಅಂದರೆ ಬರುತ್ತೇನೆ ಅಂತ ಮಾತು ಕೊಡುತ್ತಿದ್ದಾನೆ. ಮೊದಲನೆಯದು ವಿಶೇಷಣ, ಎರಡನೆಯದು ಕ್ರಿಯಾಪದ. ಗೊಂದಲವಾದರೆ ಮುಂಚೆ ‘ವೆರಿ’ ಇಟ್ಟು ನೋಡಿ. ‘ಹಿ ಈಸ್ ವೆರಿ ಪ್ರಾಮಿಸಿಂಗ್’ ಸರಿಯಾಗಿ ಕೇಳುತ್ತದೆ. ‘ಹಿ ಈಸ್ ವೆರಿ ಪ್ರಾಮಿಸಿಂಗ್ ಟು ಕಮ್’ ಕಿವಿಗೇ ಹಿಡಿಸುವುದಿಲ್ಲ. ‘ವೆರಿ’ ಒಪ್ಪಿಕೊಂಡರೆ ವಿಶೇಷಣ.

ಈಗ ದುಡ್ಡಿನ ವಿಷಯ. ‘ಎ ಪ್ರಾಮಿಸಿಂಗ್ ಸ್ಕೀಮ್’ ಮತ್ತು ‘ಎ ಸ್ಕೀಮ್ ಪ್ರಾಮಿಸಿಂಗ್ ಹೈ ರಿಟರ್ನ್ಸ್’ ಮೇಲ್ನೋಟಕ್ಕೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮೊದಲನೆಯದರಲ್ಲಿ ಹೊರಗಿನವರೊಬ್ಬರು ಆ ಯೋಜನೆ ನೋಡಿ ಚೆನ್ನಾಗಿರುವ ಹಾಗಿದೆ ಅನ್ನುತ್ತಿದ್ದಾರೆ. ಎರಡನೆಯದರಲ್ಲಿ ಯೋಜನೆ ನಡೆಸುವವರೇ ಜಾಸ್ತಿ ಲಾಭ ಕೊಡುತ್ತೇವೆ ಅಂತ ಹೇಳಿಕೊಳ್ಳುತ್ತಿದ್ದಾರೆ. ಚೀಟಿ, ಠೇವಣಿ, ಷೇರು ಅಂತ ಯಾವುದಾದರೂ ಇಂಗ್ಲಿಷ್ ಕರಪತ್ರ ಕೈಗೆ ಬಂದರೆ ‘ಪ್ರಾಮಿಸಿಂಗ್’ ಆದಮೇಲೆ ಏನಿದೆ ನೋಡಿ. ಅಲ್ಲಿ ಶೇಕಡಾವಾರು ಲೆಕ್ಕ ಇದ್ದರೆ ಅದು ಮಾರುವವರ ಮಾತು. ಇದನ್ನು ಕನ್ನಡಕ್ಕೆ ‘ಭರವಸೆಯ ಯೋಜನೆ’ ಅಂತ ಮಾಡಿದರೆ ಓದುಗನಿಗೆ ಮೋಸ ಮಾಡಿದ ಹಾಗೆ. ‘ಹೆಚ್ಚು ಲಾಭ ಕೊಡುವುದಾಗಿ ಹೇಳಿಕೊಳ್ಳುವ ಯೋಜನೆ’ ಅನ್ನಬೇಕು.

ಇನ್ನೊಂದು ಬಳಕೆ: ‘ಇಟ್ ಪ್ರಾಮಿಸಸ್ ಟು ಬಿ ಎ ಗುಡ್ ಮ್ಯಾಚ್’. ಕ್ರಿಯಾಪದವೇ, ಆದರೆ ಪಂದ್ಯ ಯಾರಿಗೂ ಆಣೆ ಇಟ್ಟಿಲ್ಲ. ‘ಪಂದ್ಯ ಜೋರಾಗಿರುವ ಲಕ್ಷಣ ಇದೆ’ ಅಂತ ಅರ್ಥ.

ಹಂತ 5: ಜೊತೆಗಾರ ಪದಗಳು

ಈ ವಿಶೇಷಣ ಎಲ್ಲ ನಾಮಪದಗಳ ಜೊತೆ ಸೇರುವುದಿಲ್ಲ. ಹೆಚ್ಚಾಗಿ ಕಾಣುವುದು ಸ್ಟಾರ್ಟ್, ಸೈನ್, ರಿಸಲ್ಟ್ಸ್, ಕ್ಯಾಂಡಿಡೇಟ್, ಕರಿಯರ್, ಅಪ್ರೋಚ್, ಲೀಡ್, ಟ್ರೀಟ್‌ಮೆಂಟ್ ಇವುಗಳ ಜೊತೆ. ಇವೆಲ್ಲ ಮುಂದೆ ಬೆಳೆಯುವಂಥವು, ಗಮನಿಸಿದಿರಾ? ಬೆಳೆಯದ ವಸ್ತುವಿಗೆ ಇದು ಅಂಟುವುದಿಲ್ಲ. ‘ಪ್ರಾಮಿಸಿಂಗ್ ಟೇಬಲ್’ ಅನ್ನುವುದಿಲ್ಲ. ಹೋಟೆಲಿನಲ್ಲಿ ಮಸಾಲೆದೋಸೆ ತಿಂದಮೇಲೆ ‘ಪ್ರಾಮಿಸಿಂಗ್’ ಅನ್ನಲಾಗದು. ಆದರೆ ಕಾವಲಿಯಿಂದ ತುಪ್ಪದ ವಾಸನೆ ಬರುತ್ತಿದ್ದಾಗ ‘ಸ್ಮೆಲ್ಸ್ ಪ್ರಾಮಿಸಿಂಗ್’ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಜನರಿಗೆ ಬಳಸುವಾಗ ಹೊಸಬರಿಗೇ ಜಾಸ್ತಿ. ಬ್ರಿಟನ್ನಿನ ಬಾಫ್ಟಾ ಸಿನಿಮಾ ಪ್ರಶಸ್ತಿಗಳಲ್ಲಿ ಹಿಂದೆ ‘ಮೋಸ್ಟ್ ಪ್ರಾಮಿಸಿಂಗ್ ನ್ಯೂಕಮರ್’ ಅಂತಲೇ ಒಂದು ವಿಭಾಗ ಇತ್ತು. ವಯಸ್ಸಿನ ಕಟ್ಟುಪಾಡೇನೂ ಇಲ್ಲ. ಐವತ್ತರಲ್ಲಿ ಚಿತ್ರ ಬರೆಯಲು ಶುರುಮಾಡಿದವರೂ ‘ಪ್ರಾಮಿಸಿಂಗ್’ ಆಗಬಹುದು, ಆ ಕೆಲಸಕ್ಕೆ ಹೊಸಬರಾಗಿದ್ದರೆ ಸಾಕು.

ಹವಾಮಾನಕ್ಕೆ ಬಳಸಿದಾಗ ಹುಷಾರು. ಇಂಗ್ಲೆಂಡಿನಲ್ಲಿ ಯಾರಾದರೂ ಆಕಾಶ ನೋಡಿ ‘ಇಟ್ ಡಸಂಟ್ ಲುಕ್ ಪ್ರಾಮಿಸಿಂಗ್’ ಅಂದರೆ ಮಳೆ ಬರುವ ಹಾಗಿದೆ, ತಿರುಗಾಟ ಕೆಟ್ಟಿತು ಅಂತ ಅರ್ಥ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅನ್ನುವ ಊರಿನಲ್ಲಿ ಅದೇ ಮೋಡ ಪ್ರಾಮಿಸಿಂಗ್! ಮಾತಾಡುವವರಿಗೆ ಏನು ಬೇಕಾಗಿದೆ ಅನ್ನುವುದರ ಮೇಲೆ ಈ ಪದ ನಿಂತಿದೆ. ಇಂಗ್ಲಿಷ್ ಕತೆಗಳನ್ನು ಅನುವಾದ ಮಾಡುವವರು ಇಲ್ಲಿ ಜಾರುವುದು ಸುಲಭ.

ಹಂತ 6: ಎಷ್ಟು ಹೊಗಳಿಕೆ, ಎಷ್ಟು ಅನುಮಾನ

ಮೇಲಕ್ಕೆ ಏರಿಸಬೇಕಾದರೆ ‘ವೆರಿ’, ‘ಹೈಲಿ’, ‘ಎಕ್ಸ್‌ಟ್ರೀಮ್ಲಿ’. ‘ಕ್ವೈಟ್ ಪ್ರಾಮಿಸಿಂಗ್’ ಸ್ವಲ್ಪ ಜಾಣ ಪ್ರಯೋಗ. ಬ್ರಿಟಿಷರ ಬಾಯಲ್ಲಿ ಅದು ಹೆಚ್ಚಾಗಿ ‘ಪರವಾಗಿಲ್ಲ, ಚೆನ್ನಾಗಿದೆ’ ಅನ್ನುವಷ್ಟೇ. ಅಮೆರಿಕದವರ ಬಾಯಲ್ಲಿ ಅದಕ್ಕಿಂತ ತುಸು ಜಾಸ್ತಿ ತೂಕ.

ಕೆಳಕ್ಕೆ ಇಳಿಸಲು ‘ಅನ್‌ಪ್ರಾಮಿಸಿಂಗ್’ ಇದೆ. ಮಾತಿನಲ್ಲಿ ಮಾತ್ರ ‘ನಾಟ್ ವೆರಿ ಪ್ರಾಮಿಸಿಂಗ್’ ಅನ್ನುವುದೇ ಹೆಚ್ಚು. ಕೇಳೋಕೆ ಮೆತ್ತಗಿದೆ, ಒಳಗೆ ‘ಆಗೋದಿಲ್ಲ ಬಿಡಿ’ ಅಂತ ಇದೆ. ವೈದ್ಯರು ‘ನಾಟ್ ವೆರಿ ಪ್ರಾಮಿಸಿಂಗ್’ ಅಂದರೆ ಮನೆಯವರು ಅದನ್ನು ಸಣ್ಣ ಮಾತು ಅಂದುಕೊಳ್ಳಬಾರದು.

ಇನ್ನು ‘ಒನ್ಸ್-ಪ್ರಾಮಿಸಿಂಗ್’. ಒಂದು ಕಾಲದಲ್ಲಿ ಭರವಸೆ ಇತ್ತು, ಈಗಿಲ್ಲ. ಬದುಕಿರುವವರ ಬಗ್ಗೆ ಬರೆಯುವಾಗ ಇದು ಚುಚ್ಚುತ್ತದೆ, ಯೋಚಿಸಿ ಬಳಸಿ.

ಹಂತ 7: ಹೋಲುವ ಪದಗಳ ಸಂತೆ

‘ಪ್ರಾಮಿಸ್ಡ್’ ಅಂದರೆ ಕೊಡುತ್ತೇನೆ ಅಂತ ಮಾತು ಕೊಟ್ಟದ್ದು. ‘ಪ್ರಾಮಿಸ್ಡ್ ಜಾಬ್’ ಕೊಡುತ್ತೇವೆ ಅಂದಿದ್ದ ಕೆಲಸ, ‘ಪ್ರಾಮಿಸಿಂಗ್ ಜಾಬ್’ ಮುಂದೆ ಒಳ್ಳೆಯದಾಗುವ ಕೆಲಸ. ‘ಹೋಪ್‌ಫುಲ್’ ಹೆಚ್ಚಾಗಿ ಮನಸ್ಸಿನ ಸ್ಥಿತಿ. ಆಸೆ ಇಟ್ಟುಕೊಂಡ ತಂದೆ ಹೋಪ್‌ಫುಲ್, ಆಸೆ ಹುಟ್ಟಿಸಿದ ಮಗಳು ಪ್ರಾಮಿಸಿಂಗ್. ‘ಪೊಟೆನ್ಷಿಯಲ್’ನಲ್ಲಿ ಮೆಚ್ಚುಗೆ ಇಲ್ಲವೇ ಇಲ್ಲ, ಸಾಧ್ಯತೆ ಮಾತ್ರ, ‘ಪೊಟೆನ್ಷಿಯಲ್ ಡೇಂಜರ್’ ಅಂತಲೂ ಇದೆಯಲ್ಲ. ‘ಟ್ಯಾಲೆಂಟೆಡ್’ ಈಗ ಇರುವ ಪ್ರತಿಭೆಯ ಮಾತು, ಅನುಮಾನ ಇಲ್ಲ. ‘ಪ್ರಾಮಿನೆಂಟ್’ ಅಂದರೆ ಆಗಲೇ ಹೆಸರು ಮಾಡಿದವರು, ನಮ್ಮ ಪದಕ್ಕೆ ಪೂರ್ತಿ ತಿರುಗಾಮುರುಗಾ. ಆದರೂ ಇವೆರಡನ್ನು ಅದಲುಬದಲು ಮಾಡುವವರು ಬೇಕಾದಷ್ಟು ಜನ.

‘ಪ್ರಾಮಿಸರಿ ನೋಟ್’ ನಮ್ಮ ಹಳ್ಳಿಯವರಿಗೂ ಗೊತ್ತು, ಪ್ರೊನೋಟು ಅನ್ನುತ್ತಾರೆ. ಅದು ಸಾಲ ತೀರಿಸುತ್ತೇನೆ ಅಂತ ಬರೆದುಕೊಟ್ಟ ಕಾಗದ. ಅದರ ಸ್ಪೆಲಿಂಗಿನಲ್ಲಿ ‘ಎಸ್’ ಎರಡು.

ಎಲ್ಲಕ್ಕಿಂತ ಅಪಾಯದ್ದು ‘ಕಾಂಪ್ರಮೈಸಿಂಗ್’. ನಮ್ಮ ಪದ ಅಕ್ಷರಕ್ಕೆ ಅಕ್ಷರ ಅದರ ಹೊಟ್ಟೆಯಲ್ಲೇ ಇದೆ. ‘ಕಾಂಪ್ರಮೈಸಿಂಗ್ ಫೋಟೋ’ ಅಂದರೆ ಮರ್ಯಾದೆ ಕಳೆಯುವ ಫೋಟೋ. ಆತುರದ ಟೈಪಿಂಗಿನಲ್ಲಿ ಅದರ ಮೊದಲ ಮೂರು ಅಕ್ಷರ ಸೇರಿಕೊಂಡರೆ ಗತಿಯೇನು!

ಹಂತ 8: ಕನ್ನಡಕ್ಕೆ ತರುವುದು

ಒಂದೇ ಪದಕ್ಕೆ ಜೋತುಬೀಳಬೇಡಿ. ಆಟಗಾರ, ಕಲಾವಿದರಿಗೆ ‘ಭರವಸೆಯ’, ಫಲಿತಾಂಶ, ಬೆಳವಣಿಗೆಗಳಿಗೆ ‘ಆಶಾದಾಯಕ’ ಚೆನ್ನಾಗಿ ಹೊಂದುತ್ತವೆ. ‘ಉದಯೋನ್ಮುಖ’ ಅಂತಲೂ ಬರೆಯುತ್ತಾರೆ. ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ಹೊಸಬರು ಅನ್ನುವುದು ಅದರಲ್ಲಿ ಬರುತ್ತದೆ, ಚೆನ್ನಾಗಿ ಮಾಡುತ್ತಿದ್ದಾರೆ ಅನ್ನುವುದು ಬರುವುದಿಲ್ಲ. ಆಹ್ವಾನ ಪತ್ರಿಕೆಗಳಲ್ಲಿ ಅದು ಸವೆದೂ ಹೋಗಿದೆ. ಮಾತಿನ ಧಾಟಿ ಬೇಕಾದ ಕಡೆ ‘ಮುಂದೆ ಬರ್ತಾನೆ’, ‘ಸರಕಿದೆ’, ‘ಕುದುರೋ ಹಾಗಿದೆ’, ‘ಲಕ್ಷಣ ಚೆನ್ನಾಗಿದೆ’ ಇವೆಲ್ಲ ಕೈಗೆಟುಕುವಂತಿವೆ. ‘ನಾಟ್ ಪ್ರಾಮಿಸಿಂಗ್’ಗೆ ‘ಲಕ್ಷಣ ಸರಿ ಕಾಣ್ತಿಲ್ಲ’ ಅಂದರೆ ಮುಗಿಯಿತು.

ಆರೋಗ್ಯದ ಸುದ್ದಿಯಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ಇಂಗ್ಲಿಷಿನಲ್ಲಿ ‘ಡ್ರಗ್ ಶೋಸ್ ಪ್ರಾಮಿಸಿಂಗ್ ರಿಸಲ್ಟ್ಸ್ ಇನ್ ಮೈಸ್’ ಅಂತ ಇರುತ್ತದೆ. ಕನ್ನಡದಲ್ಲಿ ಅದು ‘ಕ್ಯಾನ್ಸರ್‌ಗೆ ಕೊನೆಗೂ ಸಿಕ್ಕಿತು ಮದ್ದು’ ಆಗಿಬಿಡುತ್ತದೆ. ಇಲಿ ಮಾಯ, ‘ಇನ್ನೂ ಆಗಿಲ್ಲ’ವೂ ಮಾಯ. ಸರಿಯಾದ ತಲೆಬರಹ ‘ಇಲಿಗಳ ಮೇಲೆ ಹೊಸ ಔಷಧ: ಆಶಾದಾಯಕ ಫಲಿತಾಂಶ’. ಸಪ್ಪೆ ಅನ್ನಿಸಬಹುದು, ಆದರೆ ಇಲಿಯಿಂದ ಮನುಷ್ಯನಿಗೆ ಬರಲು ಇನ್ನೂ ಮೂರು ಹಂತದ ಪರೀಕ್ಷೆ ಬಾಕಿ ಇರುತ್ತದೆ. 2020ರಲ್ಲಿ ಏನಾಯಿತು ನೆನಪಿದೆಯಾ? ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಪ್ರಾಮಿಸಿಂಗ್ ಅಂತ ಮೊದಮೊದಲ ಸಣ್ಣ ಅಧ್ಯಯನಗಳನ್ನು ನೋಡಿ ಹಲವರು ಹೇಳಿದರು. ಆ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗದ ಲೆಕ್ಕ ಹೊರಬಂತು. ಆಸ್ಪತ್ರೆ ಸೇರಿದ ರೋಗಿಗಳ ಸಾವು ತಪ್ಪಿಸುವಲ್ಲಿ ಅದರಿಂದ ಪ್ರಯೋಜನ ಇಲ್ಲ ಅಂತ ಗೊತ್ತಾಯಿತು. ಅದೇ ತಿಂಗಳು ಅದೇ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆಯ ಔಷಧ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತು. ಅದಾದ ಮೇಲೆ ಡೆಕ್ಸಾಮೆಥಾಸೋನ್‌ಗೆ ‘ಪ್ರಾಮಿಸಿಂಗ್’ ಬೇಕಾಗಲಿಲ್ಲ, ‘ಎಫೆಕ್ಟಿವ್’ ಅನ್ನಬಹುದಾಗಿತ್ತು.

ಕೃಷಿ ವಿಜ್ಞಾನಿಗಳು ಈ ಪದವನ್ನು ಅಚ್ಚುಕಟ್ಟಾಗಿ ಬಳಸುತ್ತಾರೆ. ಹೊಸ ತಳಿ ಹುಡುಕುವಾಗ ನೂರಾರು ಸಾಲುಗಳನ್ನು ಬೆಳೆದು, ತೆನೆ, ಕಾಂಡ, ರೋಗ ಎಲ್ಲ ನೋಡಿ ಒಂದಷ್ಟನ್ನು ಆರಿಸುತ್ತಾರೆ. ಆರಿಸಿದವು ‘ಪ್ರಾಮಿಸಿಂಗ್ ಲೈನ್ಸ್’. ಅವನ್ನು ಬೇರೆ ಬೇರೆ ಊರುಗಳ ಮಣ್ಣಿನಲ್ಲಿ ಬೆಳೆದು ನೋಡುತ್ತಾರೆ. ಗೆದ್ದದ್ದು ಬಿಡುಗಡೆಯಾಗಿ ‘ವೆರೈಟಿ’ ಆಗುತ್ತದೆ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ‘ರಾಗಿ ಲಕ್ಷ್ಮಣಯ್ಯ’ನವರು ರೂಪಿಸಿದ ಇಂಡಾಫ್ ತಳಿಗಳು ರೈತರ ಹೊಲ ಸೇರಿದ ಮೇಲೆ ಅವು ಪ್ರಾಮಿಸಿಂಗ್ ಅಲ್ಲ, ಊಟದ ಮುದ್ದೆ.

ಹಂತ 9: ಪತ್ರ ಬರೆಯುವಾಗ

ವಿದೇಶದಲ್ಲಿ ಓದಲು ಅರ್ಜಿ ಹಾಕುವ ಮಕ್ಕಳು ತಮ್ಮ ಬಗ್ಗೆ ‘ಐ ಆಮ್ ಎ ಪ್ರಾಮಿಸಿಂಗ್ ಸ್ಟೂಡೆಂಟ್’ ಅಂತ ಬರೆದುಕೊಳ್ಳುವುದಿದೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಓದುವವರಿಗೆ ಇರುಸುಮುರುಸು. ಇದು ನೋಡಿದವರು ಆಡಬೇಕಾದ ಪದ, ತನಗೆ ತಾನೇ ಕೊಟ್ಟುಕೊಳ್ಳುವುದಲ್ಲ. ಅಲ್ಲಿ ಮಾಡಿದ ಕೆಲಸ ಬರೆಯಿರಿ. ‘ಪ್ರಾಮಿಸಿಂಗ್’ ಅನ್ನುವುದನ್ನು ಓದಿದವರೇ ಅಂದುಕೊಳ್ಳಲಿ. ಸ್ವಂತ ಕೆಲಸದ ಆರಂಭಿಕ ಫಲಿತಾಂಶಕ್ಕೆ ಮಾತ್ರ ‘ದ ಅರ್ಲಿ ರಿಸಲ್ಟ್ಸ್ ಆರ್ ಪ್ರಾಮಿಸಿಂಗ್’ ಅನ್ನಬಹುದು, ಅದು ಜಂಭ ಅನ್ನಿಸುವುದಿಲ್ಲ.

ಶಿಫಾರಸು ಕೊಡುವ ಮೇಷ್ಟ್ರಿಗೂ ಒಂದು ಮಾತು. ಬರೀ ‘ಶಿ ಈಸ್ ಎ ಪ್ರಾಮಿಸಿಂಗ್ ಸ್ಟೂಡೆಂಟ್’ ಅಂತ ಬರೆದು ಬಿಟ್ಟರೆ ಹುಡುಗಿಗೆ ಉಪಕಾರವಾಗುವುದಿಲ್ಲ. ‘ಹೇಳೋಕೆ ಬೇರೆ ಏನೂ ಇಲ್ಲ ಅನ್ನಿಸುತ್ತೆ’ ಅಂತ ಓದಿಕೊಳ್ಳುತ್ತಾರೆ. ಪದದ ಬೆನ್ನಿಗೆ ಸೂಚನೆ ಇಡಿ. “ಎರಡನೇ ವರ್ಷದಲ್ಲೇ ಲ್ಯಾಬಿನ ಹಳೆಯ ಯಂತ್ರದ ಅಳತೆ ಎಲ್ಲಿ ತಪ್ಪುತ್ತಿದೆ ಅಂತ ಕಂಡುಹಿಡಿದಳು, ಸಂಶೋಧನೆಗೆ ಇವಳು ಬಹಳ ಪ್ರಾಮಿಸಿಂಗ್” ಅನ್ನುವ ಧಾಟಿಯಲ್ಲಿ ಬರೆದರೆ ಪದಕ್ಕೆ ಜೀವ ಬರುತ್ತದೆ. ಹತ್ತಾರು ವರ್ಷ ಕೆಲಸ ಮಾಡಿದ ಸಹೋದ್ಯೋಗಿಗೆ ಬರೆಯುವಾಗ ‘ಅಕಾಂಪ್ಲಿಶ್ಡ್’ ಅನ್ನಿ. ಹಿರಿಯರನ್ನು ‘ಪ್ರಾಮಿಸಿಂಗ್’ ಅಂದರೆ ಬೆನ್ನು ತಟ್ಟಿದಂತೆ ಕೇಳುತ್ತದೆ.

ಹಂತ 10: ಕೈ ಆಡಿಸಿ ನೋಡಿ

ಕೆಳಗಿನ ನಾಲ್ಕು ಸಂದರ್ಭಗಳಲ್ಲಿ ಈ ಪದ ಬರುತ್ತದೋ ಇಲ್ಲವೋ ನೀವೇ ಹೇಳಿ. ಉತ್ತರ ಓದುವ ಮೊದಲು ಹಂತ 2ರ ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಒಂದು, ಬೀದಿ ಕೊನೆಯಲ್ಲಿ ಹೊಸ ದರ್ಶಿನಿ ತೆರೆದಿದೆ, ಮೊದಲ ವಾರವೇ ಬೆಳಿಗ್ಗೆ ಏಳಕ್ಕೆ ಸಾಲು ನಿಲ್ಲುತ್ತಿದೆ.
ಎರಡು, ನಾಳೆ ಫಲಿತಾಂಶ, ಪಾಸಾಗುತ್ತೇನೆ ಅನ್ನುವ ಆಸೆಯಲ್ಲಿ ಹುಡುಗ ಕೂತಿದ್ದಾನೆ.
ಮೂರು, ಚುನಾವಣೆಗೆ ಮುಂಚೆ ಮಾಡಿಸುತ್ತೇವೆ ಅಂದಿದ್ದ ಸೇತುವೆ.
ನಾಲ್ಕು, ತೋಟದಲ್ಲಿ ಬೋರ್‌ವೆಲ್ ಕೊರೆಸುತ್ತಿದ್ದೀರಿ. ಇಷ್ಟು ಹೊತ್ತು ಒಣ ಪುಡಿ ಹಾರುತ್ತಿತ್ತು, ಮುನ್ನೂರು ಅಡಿ ದಾಟಿದ ಮೇಲೆ ಪುಡಿ ಒದ್ದೆಯಾಗಿ ಬರುತ್ತಿದೆ.

ದರ್ಶಿನಿಗೆ ‘ಎ ಪ್ರಾಮಿಸಿಂಗ್ ಸ್ಟಾರ್ಟ್’. ಹುಡುಗ ‘ಹೋಪ್‌ಫುಲ್’. ಸೇತುವೆ ‘ಪ್ರಾಮಿಸ್ಡ್’; ಎರಡು ಕಂಬ ಎದ್ದಮೇಲೂ ಅದು ‘ಪ್ರಾಮಿಸ್ಡ್ ಬ್ರಿಜ್’ ಆಗಿಯೇ ಇರುತ್ತದೆ, ಬೇಕಾದರೆ ಕೆಲಸ ಸಾಗುತ್ತಿರುವ ರೀತಿಗೆ ‘ಪ್ರಾಮಿಸಿಂಗ್’ ಅನ್ನಿ. ಬೋರ್‌ವೆಲ್ಲಿನ ಒದ್ದೆ ಪುಡಿ ‘ಎ ಪ್ರಾಮಿಸಿಂಗ್ ಸೈನ್’. ಅಷ್ಟರಲ್ಲಿ ಪಕ್ಕದ ತೋಟದವರಿಗೆ ಫೋನ್ ಮಾಡಿ ನೀರು ಸಿಕ್ಕಿತು ಅನ್ನಬೇಡಿ, ಪಂಪು ಇಳಿಸಿದ ಮೇಲೆ ಎಷ್ಟು ಇಂಚು ಬರುತ್ತದೆ ನೋಡಿಕೊಂಡು ಹೇಳಿ.